ಡಾಸನ್ ಅವರ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಕ್ರಿಸ್ಟೋಫರ್ ಡಾಸನ್ ಎಂಬ ಇಂಗ್ಲಿಷ್ ಇತಿಹಾಸಕಾರರ ಹೆಸರು ನಮ್ಮ ಕಡೆ ಕಿವಿಗೆ ಬೀಳುವುದೇ ಅಪರೂಪ. ಅದಕ್ಕೇ ಈ ಪತ್ರ.

1889ರಲ್ಲಿ ವೇಲ್ಸ್ ಗಡಿಯ ಹೇ ಕೋಟೆಯಲ್ಲಿ ಹುಟ್ಟಿದ ಡಾಸನ್ ಬೆಳೆದದ್ದು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದ, ಮನೆಯಲ್ಲಿ. 1909ರಲ್ಲಿ ರೋಮಿಗೆ ಹೋದಾಗ ಸಂಸ್ಕೃತಿಯ ಇತಿಹಾಸ ಬರೆಯಬೇಕೆಂದು ನಿಶ್ಚಯಿಸಿದರು. ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ! 1914ರಲ್ಲಿ ಕ್ಯಾಥೊಲಿಕರಾದರು. ಮೊದಲ ಪುಸ್ತಕ ಬಂದದ್ದು 1928ರಲ್ಲಿ. ಅಷ್ಟೂ ವರ್ಷ ಓದು, ಓದು, ಓದು. ಕೊನೆಗೆ ಹಾರ್ವರ್ಡ್‌ನಲ್ಲೂ ಕಲಿಸಿದರು.

ಒಂದು ಸಂಸ್ಕೃತಿ ಅರ್ಥವಾಗಬೇಕಾದರೆ ಅದರ ಧರ್ಮವನ್ನು ನೋಡಬೇಕು ಎಂಬುದು ಅವರ ಮುಖ್ಯ ಮಾತು. ರೋಮ್ ಸಾಮ್ರಾಜ್ಯ ಬಿದ್ದ ಮೇಲಿನ ಯುರೋಪನ್ನು ಬರಿಯ ಕತ್ತಲ ಕಾಲವೆಂದು ಅವರು ಒಪ್ಪಲಿಲ್ಲ. ಓದು, ಬರಹ, ಬೇಸಾಯವನ್ನು ಉಳಿಸಿದ ಸನ್ಯಾಸಿ ಮಠಗಳತ್ತ ಕೈತೋರಿದರು.

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನೇ ನೋಡಿ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಶಾಸನ ಎಷ್ಟು ಚೆನ್ನಾಗಿ ಹೇಳುತ್ತದೆ! ಅದು ಶೈವ ಮಠ. ಆದರೂ ವೇದ, ವ್ಯಾಕರಣದ ಜೊತೆ ಬೌದ್ಧ ದರ್ಶನವನ್ನೂ ಅಲ್ಲಿ ಓದುತ್ತಿದ್ದರು. ಬಡವರಿಗೆ ಊಟ, ರೋಗಿಗಳಿಗೆ ಔಷಧಿ. ಇದೂ ಇತಿಹಾಸವೇ ಅಲ್ವಾ? ತರಗತಿಯಲ್ಲಿ ನಾವು ಜಾಸ್ತಿ ಹೇಳುವುದು ರಾಜರ ಯುದ್ಧಗಳನ್ನೇ.

ಡಾಸನ್ ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ. ಅವರ ನೋಟದ ನಡುವೆ ಯುರೋಪ್ ತುಸು ಜಾಸ್ತಿಯೇ ಇದೆ. ಆದರೂ ನಿಮ್ಮ ಭಾನುವಾರದ ಪುರವಣಿಯಲ್ಲಿ ಅವರ ಬಗ್ಗೆ ಒಂದು ಲೇಖನ ಬರಲಿ. ಪಕ್ಕದಲ್ಲೇ ಬಳ್ಳಿಗಾವೆಯ ಆ ಶಾಸನವನ್ನೂ ಅಚ್ಚು ಹಾಕಿ.

– ನಿವೃತ್ತ ಶಿಕ್ಷಕಿ, ಶಿಕಾರಿಪುರ