ಪದವನ್ನು ಒಡೆದು ನೋಡಿದಾಗ

ಲೀಡ್ಸ್, ಇಂಗ್ಲೆಂಡ್
ಭಾನುವಾರ

ತೀರ್ಥರೂಪ ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಈಗ ಹೇಗಿದೆ?

ಅಪ್ಪಾ, ನಿಮ್ಮ ಪಾಠವೊಂದು ಈ ವಾರ ಇಲ್ಲಿ ಕೈಹಿಡಿಯಿತು. ನಾಲ್ಕನೆಯ ತರಗತಿಯ ಪುಟ್ಟಿಗೆ ಪ್ರತಿ ಶುಕ್ರವಾರ ಉಕ್ತಲೇಖನ. ಈ ಸಲ ‘ಷನ್’ ಎಂದು ಮುಗಿಯುವ 10 ಇಂಗ್ಲಿಷ್ ಪದಗಳು. ಕಿವಿಗೆ ಸದ್ದು ಒಂದೇ, ಬರೆಯುವ ಬಗೆ ನಾಲ್ಕು. ಬುಧವಾರ ರಾತ್ರಿ ‘ಮ್ಯಾಜಿಷನ್’ ಪದಕ್ಕೆ ಟಿ-ಐ-ಓ-ಎನ್ ಹಾಕಿದಳು, ಅಳಿಸಿದಳು. ಎಸ್ ಹಾಕಿ ಮತ್ತೆ ಅಳಿಸಿದಳು. ಹಾಳೆ ತೂತಾಯಿತು. “ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವಲ್ಲ, ಇದಕ್ಕೇನಾಗಿದೆ?” ಎಂದು ಅತ್ತೇಬಿಟ್ಟಳು.

ಸಂಧಿ ಬಿಡಿಸಲು ಕೂರಿಸಿಕೊಂಡು “ಮೊದಲು ಪದ ಒಡೆದು ನೋಡು” ಎನ್ನುತ್ತಿದ್ದಿರಲ್ಲ, ಅದು ನೆನಪಾಯಿತು. ಒಡೆದೆವು. ‘ಮ್ಯಾಜಿಕ್’ ಪದದ ಕೊನೆಗೆ ಸಿ ಇದೆ, ಹಾಗಾಗಿ ಸಿ-ಐ-ಎ-ಎನ್. ‘ಮ್ಯೂಸಿಕ್’, ‘ಎಲೆಕ್ಟ್ರಿಕ್’ ಕೂಡ ಹಾಗೆಯೇ. ‘ಆ್ಯಕ್ಟ್’, ‘ಇನ್ವೆಂಟ್’ ಟಿಯಿಂದ ಮುಗಿಯುತ್ತವೆ, ಅಲ್ಲಿ ಟಿ-ಐ-ಓ-ಎನ್. ‘ಡಿಸ್ಕಸ್’ನ ಕೊನೆಗೆ ಎರಡು ಎಸ್ ಇವೆ, ‘ಡಿಸ್ಕಷನ್’ನಲ್ಲೂ ಅವೆರಡು ಹಾಗೆಯೇ ಉಳಿಯುತ್ತವೆ. ‘ಎಕ್ಸ್‌ಟೆಂಡ್’ನ ಡಿ ಮಾತ್ರ ‘ಎಕ್ಸ್‌ಟೆನ್ಷನ್’ನಲ್ಲಿ ಎಸ್ ಆಗುತ್ತದೆ, ಅದನ್ನು ಆದೇಶ ಸಂಧಿ ಎಂದುಕೋ ಎಂದೆ.

ನನಗೆ ಹಿಡಿಸಿದ್ದು ಆ ಸಿ. ಮಳೆ, ಕಾಲ ಸೇರಿ ಮಳೆಗಾಲವಾದಾಗ ನಾವು ‘ಗ’ ಎಂದೇ ಬರೆಯುತ್ತೇವೆ, ಬರಹ ನಾಲಿಗೆಯ ಹಿಂದೆಯೇ ನಡೆಯುತ್ತದೆ. ಇಲ್ಲಿ ‘ಮ್ಯಾಜಿಕ್’ನ ‘ಕ’ ಬಾಯಲ್ಲಿ ‘ಷ’ ಆದರೂ ಕಾಗದದ ಮೇಲೆ ಸಿ ಕದಲುವುದಿಲ್ಲ, ತವರಿನ ಗುರುತನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷ್ ಕಾಗುಣಿತಕ್ಕೆ ತಲೆಬುಡವಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಬುಡ ಇತ್ತು, ನಾನು ಬಗ್ಗಿ ನೋಡಿರಲಿಲ್ಲ.

ಶುಕ್ರವಾರ 10ಕ್ಕೆ 9 ಸರಿ. ತಪ್ಪಿದ್ದು ‘ಅಟೆನ್ಷನ್’. ‘ಅಟೆಂಡ್’ ಡಿಯಿಂದ ಮುಗಿಯುತ್ತದೆಂದು ಎಸ್ ಬರೆದಿದ್ದಳು, ಅಲ್ಲಿ ಬರಬೇಕಾದದ್ದು ಟಿ. ‘ಇಂಟೆಂಡ್’, ‘ಇಂಟೆನ್ಷನ್’ ಕೂಡ ಹೀಗೆಯೇ, ಇವನ್ನು ಬಾಯಿಪಾಠ ಮಾಡುವುದೇ ದಾರಿ. ಯೋಚಿಸಿ ಮಾಡಿದ ಆ ತಪ್ಪನ್ನು ಕಂಡು ನನಗೆ ಉಳಿದ ಒಂಬತ್ತಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಈಗ ಅವಳಿಗೆ ಅಜ್ಜನಿಂದಲೇ ಸಂಧಿ ಕಲಿಯಬೇಕಂತೆ. ಮುಂದಿನ ಭಾನುವಾರ ಫೋನ್ ಮಾಡಿದಾಗ ಐದು ಪದ ಕೊಡಿ. ‘ಬೆಟ್ಟದಾವರೆ’ ಬೇಡ, ಅದನ್ನು ಆಗಲೇ ಬಿಡಿಸಿದ್ದಾಳೆ.

ಇಂತಿ,
ನಿಮ್ಮ ಮಗಳು