ಡಬ್ಬಿಗಿಂತ ಬಿಸಿಯೂಟವೇ ವಾಸಿ

ಮಾನ್ಯರೇ,

ನಮ್ಮ ಮನೆಯಲ್ಲಿ ಎರಡು ಮಕ್ಕಳು, ಎರಡು ಬಗೆಯ ಊಟ. ಎರಡನೇ ತರಗತಿಯ ಮಗಳು ಊರಿನ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾಳೆ, ಬಿಸಿಯೂಟ ಮಾಡುತ್ತಾಳೆ. ದೊಡ್ಡವನು ವ್ಯಾನ್ ಹತ್ತಿ ಪೇಟೆಯ ಖಾಸಗಿ ಶಾಲೆಗೆ, ಅವನದು ಡಬ್ಬಿ. ಬೆಳಿಗ್ಗೆ ಏಳಕ್ಕೆ ಕಟ್ಟಿದ ಚಿತ್ರಾನ್ನ ಆಷಾಢದ ಥಂಡಿಯಲ್ಲಿ ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಪತ್ರೊಡೆ ಹಾಕಿದರೆ ‘ಹುಡುಗ್ರು ನಗ್ತಾರಮ್ಮ’ ಅಂತ ಹಾಗೇ ವಾಪಸ್ ತರುತ್ತಾನೆ. ನೂಡಲ್ಸ್ ಹಾಕಿದ ದಿನ ಮಾತ್ರ ಡಬ್ಬಿ ಖಾಲಿ.

ಬಿಸಿಯೂಟದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ನಿಗದಿಯಾಗಿದೆ. ಜೊತೆಗೆ 2013ರಿಂದ ಕ್ಷೀರಭಾಗ್ಯದ ಹಾಲು, ಈಗ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಡಬ್ಬಿಯನ್ನು ತಕ್ಕಡಿಗಿಟ್ಟು ನೋಡುವ ಧೈರ್ಯ ನಮ್ಮಲ್ಲಿ ಎಷ್ಟು ತಾಯಂದಿರಿಗಿದೆಯೋ!

ಆದರೆ ಮಳೆಗಾಲದಲ್ಲಿ ಮಗಳ ಸಾಂಬಾರಿನಲ್ಲಿ ತರಕಾರಿ ಹುಡುಕಬೇಕು. ಪೇಟೆಯಿಂದ ಬರುವುದು ದುಬಾರಿ, ಬರುವಷ್ಟರಲ್ಲಿ ಬಾಡಿರುತ್ತದೆ. ಇತ್ತ ನಮ್ಮ ಹಿತ್ತಿಲುಗಳಲ್ಲಿ ಬಸಳೆ, ಹರಿವೆ, ಸೌತೆ, ಬಾಳೆಕಾಯಿ ದನಕ್ಕೆ ಹಾಕುವಷ್ಟು. ಒಣಗಿಸಿಟ್ಟ ಹಲಸಿನ ಬೀಜವೂ ಇದೆ. ಶಾಲಾಭಿವೃದ್ಧಿ ಸಮಿತಿಯವರು ವಾರಕ್ಕೊಂದು ಕೇರಿಯ ಪಾಳಿ ಹಾಕಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಖಾಸಗಿ ಶಾಲೆಯವರೂ ಮಳೆಗಾಲಕ್ಕಾದರೂ ಬಿಸಿ ಅನ್ನ, ಸಾರು ಕೊಡಲಿ. ವ್ಯಾನಿಗೆ ದುಡ್ಡು ಕೊಡುವ ನಾವು ಇದಕ್ಕೂ ಕೊಡುತ್ತೇವೆ. ಹಾಗೆಯೇ ಹೊಗೆಯಲ್ಲಿ ನಿಂತು ಅಷ್ಟು ಮಕ್ಕಳಿಗೆ ಬೇಯಿಸುವ ಅಡುಗೆಯವರ ಗೌರವಧನವನ್ನು ಸರ್ಕಾರ ಹೆಚ್ಚಿಸಲಿ, ತಿಂಗಳು ತಿಂಗಳು ಸರಿಯಾಗಿ ಕೊಡಲಿ.

– ಒಬ್ಬ ತಾಯಿ, ತೀರ್ಥಹಳ್ಳಿ ತಾಲ್ಲೂಕು