ಹೋಗಿರುವುದು ಬೋರ್ಡ್ ಅಲ್ಲ, ಅದರ ಮೇಲಿನ ಒಂದು ಪಾರ್ಟ್

ಮಾನ್ಯ ಸಂಪಾದಕರೇ,

ಇ-ತ್ಯಾಜ್ಯದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಬರುತ್ತಿರುತ್ತವೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಇಡೀ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಸೇರಿತ್ತು. ಅದನ್ನು ಎಲ್ಲಿ ಹಾಕಬೇಕು, ಏನು ಮಾಡಬೇಕು ಎಂಬ ಮಾತೇ ಜಾಸ್ತಿ. ಒಂದು ಸಾಮಾನು ಯಾವ ಗಳಿಗೆಯಲ್ಲಿ ಕಸ ಆಯಿತು ಎಂದು ಕೇಳುವವರು ಕಡಿಮೆ. ಎಲೆಕ್ಟ್ರಾನಿಕ್ ಸಾಮಾನುಗಳ ಒಳಗಿನ ಸರ್ಕ್ಯೂಟ್ ಬೋರ್ಡ್ ರಿಪೇರಿ ನನ್ನ ಕೆಲಸ. ಆ ಗಳಿಗೆಯನ್ನು ದಿನಾ ನೋಡುತ್ತೇನೆ. ಯಾರೋ ಒಬ್ಬರು "ಬೋರ್ಡ್ ಹೋಗಿದೆ" ಅಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಇಡೀ ಬೋರ್ಡ್ ಹೋಗುವುದು ಬಹಳ ಅಪರೂಪ. ಅದರ ಮೇಲಿರುವ ನೂರಾರು ಪಾರ್ಟ್‌ಗಳಲ್ಲಿ ಒಂದೋ ಎರಡೋ ಕೆಟ್ಟಿರುತ್ತವೆ, ಅಷ್ಟೇ. ಅದು ಯಾವುದು ಎಂದು ಹುಡುಕುವುದಕ್ಕೆ ತಾಳ್ಮೆ ಬೇಕು, ವೋಲ್ಟ್, ತಡೆ ಅಳೆಯುವ ಒಂದು ಮಲ್ಟಿಮೀಟರ್ ಬೇಕು.

ಇತ್ತೀಚೆಗೆ ಒಂದು ಹಳೆಯ ಮಾನಿಟರ್ ನನ್ನ ಟೇಬಲ್‌ಗೆ ಬಂತು. ಪ್ಲಗ್ ತೆಗೆಯದೆ ವರ್ಷಗಟ್ಟಲೆ ಓಡಿದ್ದ ಮಾನಿಟರ್ ಅದು. ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ಆನ್ ಆಗಲೇ ಇಲ್ಲ. ಪರದೆ ಕಪ್ಪು. ಕಿವಿ ಕೊಟ್ಟು ಕೇಳಿದರೆ ಒಳಗೆ ಟಿಕ್, ಟಿಕ್ ಎಂಬ ಸಣ್ಣ ಸದ್ದು. ಈ ಮಾಡೆಲ್‌ಗೆ ಬೋರ್ಡ್ ಬರುತ್ತಿಲ್ಲ, ಹೊಸದನ್ನೇ ತೆಗೆದುಕೊಳ್ಳಿ ಎಂದು ಸರ್ವಿಸ್ ಸೆಂಟರಿನಲ್ಲಿ ಹೇಳಿದ್ದರಂತೆ. ಬಿಚ್ಚಿ ನೋಡಿದರೆ ಸುಟ್ಟ ಗುರುತು ಒಂದೂ ಇಲ್ಲ. ಫ್ಯೂಸ್ ಸರಿಯಿದೆ. ದೊಡ್ಡ ಕೆಪಾಸಿಟರ್‌ಗಳ (ಚಾರ್ಜ್ ಹಿಡಿದಿಡುವ ಪಾರ್ಟ್‌ಗಳು) ತಲೆ ಚಪ್ಪಟೆಯಾಗಿಯೇ ಇದೆ, ಯಾವುದೂ ಉಬ್ಬಿಲ್ಲ. ಇಂಥ ಬೋರ್ಡನ್ನೇ ಜನ ಬೇಗ ಕೈಬಿಡುವುದು.

ಆದರೆ ಆ ಟಿಕ್ ಟಿಕ್ ಸದ್ದು ಬಹಳಷ್ಟನ್ನು ಹೇಳುತ್ತದೆ. ಇಂಥ ಪವರ್ ಬೋರ್ಡಿನಲ್ಲಿ, ಅದನ್ನು ನಡೆಸುವ ಚಿಪ್ ಆದ ಕಂಟ್ರೋಲ್ ಐಸಿಯ ಪಕ್ಕ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಇದರಲ್ಲಿ ಇದ್ದದ್ದು 47 ಮೈಕ್ರೋಫ್ಯಾರಡ್ (ಚಾರ್ಜ್ ಹಿಡಿಯುವ ಸಾಮರ್ಥ್ಯದ ಅಳತೆ), 50 ವೋಲ್ಟಿನದು. ಸ್ವಿಚ್ ಹಾಕಿದಾಗ ಕರೆಂಟಿಗೆ ಹೆಚ್ಚು ತಡೆ ಒಡ್ಡುವ ಒಂದು ರೆಸಿಸ್ಟರ್ ಮೂಲಕ ಇದು ನಿಧಾನಕ್ಕೆ ಚಾರ್ಜ್ ಆಗಬೇಕು. ಸಾಕಷ್ಟು ತುಂಬಿದ ಮೇಲೆ ಐಸಿ ಎದ್ದು ಕೆಲಸ ಶುರು ಮಾಡುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತಂತಿಯ ಸುತ್ತಿನಿಂದ ಐಸಿಗೆ ಕರೆಂಟ್ ಸಿಗುತ್ತದೆ. ಅದು ಸಿಗುವವರೆಗೆ ಐಸಿಯನ್ನು ನಡೆಸಬೇಕಾದ್ದು ಈ ಪುಟ್ಟ ಕೆಪಾಸಿಟರ್. ಅದು ಒಳಗೆ ಒಣಗಿದ್ದರೆ ಐಸಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಆ ಸದ್ದೇ ಟಿಕ್ ಟಿಕ್. ಒಮ್ಮೆ ಓಡಲು ಶುರುವಾದರೆ ತೊಂದರೆ ಕಾಣುವುದಿಲ್ಲ. ಕರೆಂಟ್ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾದಾಗ ಬಣ್ಣ ಬಯಲಾಗುತ್ತದೆ. ಬಿಚ್ಚಿ ಅಳೆದೆ. 47 ಇರಬೇಕಾದಲ್ಲಿ 9 ತೋರಿಸಿತು. ಹೊಸದು ಹಾಕಿದೆ, ಮಾನಿಟರ್ ಆನ್ ಆಯಿತು.

ಈ ಕೆಪಾಸಿಟರ್ ಒಣಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಒಳಗೆ ದ್ರವ ಇರುವ ಪಾರ್ಟ್ ಅದು, ಬಿಸಿಗೆ ಮೆಲ್ಲಗೆ ಆರುತ್ತದೆ. ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಕಂಪನಿ ಕೊಡುವ ವಿವರದಲ್ಲಿ 2000 ಗಂಟೆ ಎಂದಿದ್ದರೆ, ಅದು 105 ಡಿಗ್ರಿಯಲ್ಲಿ ಬಾಳುವ ಲೆಕ್ಕ. ಹತ್ತು ಡಿಗ್ರಿ ಕಮ್ಮಿಯಾದರೆ ಆಯಸ್ಸು ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. 65 ಡಿಗ್ರಿಯಲ್ಲಿ ಓಡಿದರೆ 32,000 ಗಂಟೆ, ಅಂದರೆ ಬಿಡದೆ ಓಡಿದರೂ ಮೂರೂವರೆ ವರ್ಷ ದಾಟುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಹೀಟ್ ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ತುಂಡು) ಅಂಟಿಕೊಂಡಂತೆ ಕೂತ ಕೆಪಾಸಿಟರ್‌ಗಳನ್ನು. ಉಬ್ಬಿದ್ದರೆ ಕೆಟ್ಟಿದೆ ಎಂದೇ ಅರ್ಥ. ಉಬ್ಬಿಲ್ಲ ಅಂದಮಾತ್ರಕ್ಕೆ ಚೆನ್ನಾಗಿದೆ ಎನ್ನುವಂತಿಲ್ಲ. ಮೈಕ್ರೋಫ್ಯಾರಡ್ ಸರಿಯಾಗಿ ತೋರಿಸಿ, ಇಎಸ್‌ಆರ್ ಎಂಬ ಒಳಗಿನ ತಡೆ ಏರಿರುವುದೂ ಉಂಟು. ಅದಕ್ಕೆ ಬೇರೆ ಮೀಟರ್ ಇದೆ. ರಿಪೇರಿ ಕಲಿಯುವವರು ಅದೊಂದನ್ನು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರೆಸಿಸ್ಟರ್ ವಿಷಯಕ್ಕೆ ಬಂದರೆ, ಬೋರ್ಡಿನ ಮೇಲೇ ಅಳೆದಾಗ ತಡೆಯ ಅಳತೆ ಕಮ್ಮಿ ಬಂದರೆ ತಲೆಕೆಡಿಸಿಕೊಳ್ಳಬೇಡಿ. ಪಕ್ಕದ ಪಾರ್ಟ್‌ಗಳೂ ಲೆಕ್ಕಕ್ಕೆ ಸೇರಿಕೊಂಡಿರುತ್ತವೆ. ಕೆಪಾಸಿಟರ್‌ಗಳಲ್ಲಿ ಚಾರ್ಜ್ ಇಲ್ಲದಿದ್ದೂ ಬರೆದಿದ್ದಕ್ಕಿಂತ ತುಂಬಾ ಜಾಸ್ತಿ ಬಂದರೆ ಅದು ಕೆಟ್ಟಿದೆ. ಕರೆಂಟನ್ನು ಒಂದೇ ಕಡೆಗೆ ಬಿಡುವ ಪಾರ್ಟ್ ಡಯೋಡ್. ಮಾಮೂಲಿ ಡಯೋಡ್ ಒಂದು ಕಡೆಗೆ 0.6 ವೋಲ್ಟ್ ಆಸುಪಾಸು ತೋರಿಸಬೇಕು. ಎರಡೂ ಕಡೆ ಸೊನ್ನೆ ಬಂದರೆ ಒಂದು ಕಾಲು ಬಿಡಿಸಿ ಇನ್ನೊಮ್ಮೆ ನೋಡಿ. ಆಗಲೂ ಸೊನ್ನೆಯೇ ಬಂದರೆ ಅದು ಶಾರ್ಟ್, ಅಂದರೆ ಕರೆಂಟ್ ತಡೆಯಿಲ್ಲದೆ ಹರಿಯುತ್ತಿದೆ.

ಪಾರ್ಟ್ ಸಿಕ್ಕಿತು ಎಂದು ಕೈಗೆ ಸಿಕ್ಕಿದ್ದನ್ನು ಹಾಕುವಂತಿಲ್ಲ. ಕೆಪಾಸಿಟರ್‌ನ ವೋಲ್ಟ್ ಮೊದಲಿನಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಮ್ಮಿ ಮಾತ್ರ ಬೇಡ. ಒಳಗೆ ದ್ರವ ಇರುವ ಮಾಮೂಲಿ ಕೆಪಾಸಿಟರ್‌ನಲ್ಲಿ ಮೈಮೇಲಿನ ಪಟ್ಟಿ ಮೈನಸ್ ಕಡೆ ಇರುತ್ತದೆ. ಟ್ಯಾಂಟಲಮ್ ಎಂಬ ಲೋಹದ ಕೆಪಾಸಿಟರ್‌ನಲ್ಲಿ ಅದೇ ಗುರುತು ಪ್ಲಸ್ ಕಡೆ! ತಿರುವುಮುರುವು ಹಾಕಿದರೆ ಹೊಗೆ ಬರುತ್ತದೆ. ಟ್ರಾನ್ಸಿಸ್ಟರ್‌ನಲ್ಲೂ ಹೀಗೇ. ಬಿಸಿ547, 2ಎನ್3904 ಎಂಬ ಎರಡು ಟ್ರಾನ್ಸಿಸ್ಟರ್‌ಗಳು ನೋಡಲು ಒಂದೇ ಥರ, ಆದರೆ ಕಾಲುಗಳ ಕ್ರಮ ಬೇರೆ. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಮೊದಲನೆಯದರಲ್ಲಿ ಎಡಗಾಲು ಕಲೆಕ್ಟರ್, ಎರಡನೆಯದರಲ್ಲಿ ಎಮಿಟರ್. ಇನ್ನು ಕರೆಂಟ್ ಒಳಗೆ ಬರುವ ಜಾಗದಲ್ಲಿ ಎಕ್ಸ್2 ಎಂಬ ಸುರಕ್ಷತಾ ಗುರುತಿನ ಕೆಪಾಸಿಟರ್ ಇದ್ದರೆ ಎಕ್ಸ್2 ಗುರುತಿನದನ್ನೇ ಹಾಕಬೇಕು. ಇದರಲ್ಲಿ ರಾಜಿ ಬೇಡ. ಬೆಂಕಿಯ ವಿಷಯ ಅದು.

ಹಳೆಯ ಬೋರ್ಡಿನ ಟ್ರ್ಯಾಕ್, ಅಂದರೆ ತಾಮ್ರದ ಗೆರೆ, ಬಹಳ ಸೂಕ್ಷ್ಮ. ಕಾಲು ಬಿಡುತ್ತಿಲ್ಲ ಎಂದು ಸೋಲ್ಡರಿಂಗ್ ಐರನ್ ಒತ್ತಿ ಹಿಡಿದರೆ ತಾಮ್ರದ ಪ್ಯಾಡೇ ಎದ್ದು ಬರುತ್ತದೆ. ಹಳೆಯ ಬೆಸುಗೆಗೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ, ಬೇಗ ಕರಗುತ್ತದೆ. ಆಮೇಲೆ ಸೋಲ್ಡರ್ ಹೀರುವ ಪಂಪಿನಿಂದ ಎಳೆಯಿರಿ.

ಒಂದು ಎಚ್ಚರಿಕೆ ಬರೆಯದಿದ್ದರೆ ತಪ್ಪಾಗುತ್ತದೆ. 230 ವೋಲ್ಟಿನ ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ಉಳಿದಿರಬಹುದು. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು. ಗೊತ್ತಿಲ್ಲದವರು ಗೊತ್ತಿರುವವರ ಜೊತೆ ಕೂತು ಕಲಿಯಲಿ.

ಫ್ಯೂಸ್ ಹೋಗಿದ್ದರೆ ಫ್ಯೂಸ್ ಮಾತ್ರ ಹಾಕಿ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಫ್ಯೂಸ್ ಸುಮ್ನೆ ಸುಡುವುದಿಲ್ಲ ಅಲ್ವಾ? ಅದರ ಹಿಂದೆ ಹೆಚ್ಚಾಗಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಡಯೋಡೋ ಸ್ವಿಚಿಂಗ್ ಟ್ರಾನ್ಸಿಸ್ಟರೋ ಶಾರ್ಟ್ ಆಗಿರುತ್ತದೆ. ರಿಪೇರಿ ಆದ ಬೋರ್ಡನ್ನು ಮೊದಲ ಸಲ ಸೀರೀಸ್ ಬಲ್ಬಿನ (ಕರೆಂಟ್ ಬರುವ ದಾರಿಯಲ್ಲೇ ಸೇರಿಸಿದ ಹಳೆಯ ಫಿಲಮೆಂಟ್ ಬಲ್ಬ್) ಮೂಲಕ ಆನ್ ಮಾಡುತ್ತೇನೆ. ಬಲ್ಬ್ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿದು ನಿಂತರೆ ಇನ್ನೂ ಏನೋ ಶಾರ್ಟ್ ಉಳಿದಿದೆ.

ತಯಾರಕರಿಗೆ ನಿಮ್ಮ ಪತ್ರಿಕೆಯ ಮೂಲಕ ನನ್ನದೊಂದು ಕೋರಿಕೆ. ಹಿಂದೆ ಎಷ್ಟೋ ರೇಡಿಯೋಗಳ ಹಿಂಬದಿ ಮುಚ್ಚಳದ ಒಳಗೆ ಸರ್ಕ್ಯೂಟ್ ನಕ್ಷೆಯನ್ನೇ ಅಂಟಿಸಿರುತ್ತಿದ್ದರು. ಈಗ ಕೆಲವರು ಐಸಿಯ ಮೇಲಿನ ನಂಬರನ್ನೂ ಉಜ್ಜಿ ಕಳುಹಿಸುತ್ತಾರೆ. ನಂಬರ್ ಅಳಿಸಬೇಡಿ. ಮಾಡೆಲ್ ನಿಲ್ಲಿಸಿದ ಮೇಲಾದರೂ ಅದರ ನಕ್ಷೆಯನ್ನು ಎಲ್ಲರಿಗೂ ಸಿಗುವಂತೆ ಮಾಡಿ. ಬೋರ್ಡ್ ಸಿಗುವುದಿಲ್ಲ ಎಂದು ಹೇಳುವವರು, ಅದರಲ್ಲಿ ಯಾವ ಪಾರ್ಟ್ ಎಲ್ಲಿದೆ ಎಂದಾದರೂ ಹೇಳಲಿ. ಉಳಿದ ಕೆಲಸ ನಾವು ಮಾಡುತ್ತೇವೆ.

ಇಂತಿ,
ಬೋರ್ಡ್ ರಿಪೇರಿ ಮಾಡುವ ಒಬ್ಬ ಓದುಗ